‘ಸೋಲ್ತಾರೆ ಬಿಡು’ ಅಂದರೆ ಆಸೆ ಹೋಗುತ್ತದೆಯೇ?

ಪ್ರಶ್ನೆ

ನನಗೆ 38 ವರ್ಷ. ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೆ.ಆರ್. ಪುರದ ಮನೆಯಲ್ಲಿ ನಾನು, ಹೆಂಡತಿ, 11 ವರ್ಷದ ಮಗಳು ಮತ್ತು ಅಪ್ಪ ಇದ್ದೇವೆ. ಅಪ್ಪನಿಗೆ 68. ದೂರವಾಣಿನಗರದ ಐಟಿಐನಿಂದ ನಿವೃತ್ತರಾದವರು, ಬಿ.ಪಿ. ಇದೆ. ನಾನು ಚಿಕ್ಕವನಿದ್ದಾಗ ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ಐಟಿಐ, ಎಚ್‌ಎಎಲ್, ಎಂಇಜಿ ತಂಡಗಳ ಆಟ. ಕಡಲೆಕಾಯಿ ತಿನ್ನುತ್ತಾ ನೋಡಿ ಬರುತ್ತಿದ್ದೆವು. ಗೆದ್ದರೂ ಸೋತರೂ ರಾತ್ರಿ ನಿದ್ದೆ ಬರುತ್ತಿತ್ತು.

2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದ ಮೇಲೆ ನನಗೆ ಅದರ ಹುಚ್ಚು ಹಿಡಿಯಿತು. ಮದುವೆಯಾದ ಹೊಸದರಲ್ಲಿ ಹೆಂಡತಿಗೂ ನೀಲಿ ಜೆರ್ಸಿ ಕೊಡಿಸಿದ್ದೆ. ಮ್ಯಾಚ್ ಇದೆ ಅಂದರೆ ಒಂದು ವಾರ ಮೊದಲೇ ನನ್ನ ತಲೆಯೊಳಗೆ ಆಟ ಶುರು. ಯಾರು ಆಡಬೇಕು, ಎಷ್ಟನೇ ನಿಮಿಷಕ್ಕೆ ಯಾರನ್ನು ಬದಲಾಯಿಸಬೇಕು, ಕೊನೆಗೆ ಹೇಗೆ ಗೆಲ್ಲುತ್ತೇವೆ, ಎಲ್ಲ ಕಣ್ಣ ಮುಂದೆ ಬರುತ್ತದೆ. ಅಪ್ಪ ಬೈಯುತ್ತಿದ್ದರು, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ ಅಂತ.

2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ಲನ್ನು ಮನೆಯಲ್ಲೇ ಟಿ.ವಿ.ಯಲ್ಲಿ ನೋಡಿದೆವು. ಮೊದಲು ನಾವೇ ಮುಂದಿದ್ದೆವು. ಹೆಚ್ಚುವರಿ ಸಮಯದಲ್ಲಿ ಗೋಲು ಬಿಟ್ಟುಕೊಟ್ಟಾಗ ನಾನು ಕೈಲಿದ್ದ ರಿಮೋಟ್ ಬಿಸಾಡಿದೆ. ಗೋಡೆಗೆ ಬಡಿದು ಚೂರಾಯಿತು. ಮಗಳು ಅವಳ ಅಮ್ಮನ ಹಿಂದೆ ಹೋಗಿ ನಿಂತಳು. ಆಮೇಲೆ ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಹೆಂಡತಿಯೂ ಏನೂ ಕೇಳಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ಏನೂ ನಿರೀಕ್ಷೆ ಇಟ್ಟುಕೊಳ್ಳಬಾರದು. ಈಗ ಯಾರು ಕೇಳಿದರೂ ಸೋಲ್ತಾರೆ ಬಿಡಿ ಅನ್ನುತ್ತೇನೆ. ಮುಂದಿನ ಶನಿವಾರ ಕಂಠೀರವ ಸ್ಟೇಡಿಯಂನಲ್ಲಿ ಮ್ಯಾಚ್ ಇದೆ. ಮಗಳು ಡ್ರಾಯಿಂಗ್ ಶೀಟಿನಲ್ಲಿ ನೀಲಿ ಬಣ್ಣದ ಪೋಸ್ಟರ್ ಮಾಡುತ್ತಾ ‘ಅಪ್ಪಾ, ಗೆಲ್ತೀವಾ?’ ಅಂದಳು. ‘ಸೋಲ್ತಾರೆ, ಸುಮ್ನೆ ಮಲ್ಕೋ ಹೋಗು’ ಅಂದೆ. ಅವಳು ಪೋಸ್ಟರ್ ಮಡಚಿಟ್ಟು, ‘ನಾನು ತಾತನ ಜೊತೆ ಹೋಗ್ತೀನಿ’ ಅಂತ ಅತ್ತುಕೊಂಡು ಹೋದಳು.

ಇಷ್ಟೆಲ್ಲ ಮಾಡಿದರೂ ಹೊಟ್ಟೆಯಲ್ಲಿ ತಳಮಳ ಹೋಗಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಯಾರಿಗೆ ಪೆಟ್ಟಾಗಿದೆ, ಯಾರು ಆಡುತ್ತಾರೆ ಅಂತ ಫೋನಿನಲ್ಲಿ ಹುಡುಕುತ್ತೇನೆ. ನಿರೀಕ್ಷೆಯನ್ನೇ ಇಟ್ಟುಕೊಳ್ಳದೆ ಮ್ಯಾಚ್ ನೋಡುವುದು ಹೇಗೆ, ದಯವಿಟ್ಟು ತಿಳಿಸಿ.

— ಹೆಸರು ಬೇಡ, ಕೆ.ಆರ್. ಪುರ

ಉತ್ತರ

ನೀವು ಕೇಳಿದ್ದಕ್ಕೆ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿರೀಕ್ಷೆ ಇಲ್ಲದೆ ಪಂದ್ಯ ನೋಡುವುದು ನಿಮ್ಮಿಂದ ಆಗದು. ಅದನ್ನು ಕಲಿಯಬೇಕಾಗಿಯೂ ಇಲ್ಲ. ಫೈನಲ್ ಸೋತಂದಿನಿಂದ ಆಸೆ ಬಿಟ್ಟಿದ್ದೇನೆ ಅಂದುಕೊಂಡಿದ್ದೀರಿ. ನಿಜವಾಗಿ ಬಿಟ್ಟವರು ನಡುರಾತ್ರಿ ಎದ್ದು ಆಟಗಾರರ ಪೆಟ್ಟಿನ ಸುದ್ದಿ ಹುಡುಕುವುದಿಲ್ಲ. ನಿಮ್ಮ ಆಸೆ ಎಲ್ಲಿತ್ತೋ ಅಲ್ಲೇ ಇದೆ, ನೀವು ಬಾಯಿಗೆ ಮಾತ್ರ ಬೀಗ ಹಾಕಿದ್ದೀರಿ. ಇದು ನಿಮ್ಮ ಹೊಟ್ಟೆಗೆ ಗೊತ್ತು, ನಿದ್ದೆಗೆ ಗೊತ್ತು. ಗೊತ್ತಿಲ್ಲದಿರುವುದು ನಿಮ್ಮ ಮಗಳಿಗೆ. ಹನ್ನೊಂದು ವರ್ಷದ ಮಗು ಅಪ್ಪ ಹೇಳಿದ್ದನ್ನು ಹಾಗೇ ನಂಬುತ್ತದೆ. ಅಪ್ಪನಿಗೆ ನಮ್ಮ ತಂಡ ಬೇಡವಾಗಿದೆ, ನನ್ನ ಪೋಸ್ಟರೂ ಬೇಡವಾಗಿದೆ ಅಂತ ಅವಳಿಗೆ ಅರ್ಥವಾಗಿದೆ. ಅವಳು ಅತ್ತಿದ್ದು ಅದಕ್ಕೆ.

ನೀವು ಮಾಡುತ್ತಿರುವುದು ಹೊಸದೇನಲ್ಲ. ಪರೀಕ್ಷೆಯ ಫಲಿತಾಂಶದ ಹಿಂದಿನ ದಿನ ‘ನಾನು ಫೇಲೇ’ ಅಂತ ಮನೆಯವರಿಗೆಲ್ಲ ಹೇಳಿಕೊಂಡು ತಿರುಗುವ ಹುಡುಗರನ್ನು ನೋಡಿರುತ್ತೀರಿ. ಸ್ಕ್ಯಾನಿಂಗ್ ವರದಿ ಕೈಗೆ ಬರುವ ಮುಂಚೆ ಕೆಟ್ಟದ್ದನ್ನೇ ಎಣಿಸಿಕೊಂಡು ಕೂರುವವರೂ ಬಹಳ ಜನ. ಏಟು ಬೀಳುವ ಮೊದಲು ಮೈ ಬಿಗಿ ಹಿಡಿಯುವುದು ಮನಸ್ಸಿನ ಸ್ವಭಾವ. ಫಲಿತಾಂಶ ಇನ್ನೇನು ಬಂತು ಅನ್ನುವ ಕೊನೆಯ ಗಳಿಗೆಯಲ್ಲಿ ಹೀಗೆ ಬಿಗಿಹಿಡಿದರೆ ಕೆಲವರಿಗೆ ಸ್ವಲ್ಪ ಅನುಕೂಲವಾಗುವುದೂ ಉಂಟು. ಆದರೆ ನೀವು ಶನಿವಾರದ ಪಂದ್ಯಕ್ಕೆ ಅದಕ್ಕೂ ಹಿಂದಿನ ವಾರದಿಂದಲೇ ಬಿಗಿಹಿಡಿದು ಕೂತಿದ್ದೀರಿ. ಅಂದರೆ ಒಂದೇ ಸೋಲನ್ನು ದಿನಕ್ಕೊಂದು ಸಲ ಸೋಲುತ್ತಿದ್ದೀರಿ, ಅದೂ ಪಂದ್ಯ ನಡೆಯುವ ಮುಂಚೆ.

ಇನ್ನೊಂದು ವಿಷಯ. ಸೋತರೆ ಎಷ್ಟು ನೋವಾಗುತ್ತದೆ ಅನ್ನುವ ಲೆಕ್ಕ ನಮಗೆ ಸಾಮಾನ್ಯವಾಗಿ ತಪ್ಪುತ್ತದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನು ಅಲ್ಲಿನ ಫುಟ್‌ಬಾಲ್ ಅಭಿಮಾನಿಗಳಾದ ವಿದ್ಯಾರ್ಥಿಗಳ ಮೇಲೇ ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದರು. ಪಂದ್ಯಕ್ಕೆ ಮುಂಚೆ ವಿದ್ಯಾರ್ಥಿಗಳು ಊಹಿಸಿದಷ್ಟು ದಿನ ಅದರ ಫಲಿತಾಂಶ ಅವರ ಮನಸ್ಸಿನಲ್ಲಿ ಉಳಿಯಲಿಲ್ಲ. ಕಾರಣ ಸರಳ. ಮುಂದಿನ ವಾರವನ್ನು ನೆನೆಸಿಕೊಳ್ಳುವಾಗ ಅವರ ಕಣ್ಣಿಗೆ ಪಂದ್ಯವೊಂದೇ ಕಾಣುತ್ತಿತ್ತು, ಮಿಕ್ಕ ಬದುಕು ಕಾಣುತ್ತಿರಲಿಲ್ಲ. ಆ ದಿನಗಳಲ್ಲಿ ಬೇರೆ ಏನೇನು ಕೆಲಸ ಇದೆ ಅಂತ ಮೊದಲೇ ಬರೆಸಿದಾಗ ಅವರ ಊಹೆಯೂ ಹದಕ್ಕೆ ಬಂತು.

ಇದನ್ನು ನೀವು ಇವತ್ತು ರಾತ್ರಿಯೇ ಮಾಡಬಹುದು. ಒಂದು ಹಾಳೆ ತೆಗೆದುಕೊಂಡು ಪಂದ್ಯದ ಮಾರನೆಯ ದಿನ, ಭಾನುವಾರ, ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ ಅಂತ ಬರೆಯಿರಿ. ಬೆಳಿಗ್ಗೆ ಹಾಲು, ಅಪ್ಪನ ಬಿ.ಪಿ. ಮಾತ್ರೆ ತರುವುದು, ಮಗಳ ಸಮವಸ್ತ್ರ ಇಸ್ತ್ರಿಗೆ ಕೊಡುವುದು, ಸೋಮವಾರದ ಶಿಫ್ಟ್ ಯಾರಿಗೆ ಅಂತ ಹುಡುಗರಿಗೆ ಫೋನ್ ಮಾಡುವುದು, ಹೋಗಲೇಬೇಕಾದ ಯಾವುದೋ ಗೃಹಪ್ರವೇಶ. ಗೆದ್ದರೂ ಸೋತರೂ ಈ ಪಟ್ಟಿಯಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಓದಿ ನಗಬೇಡಿ, ಬರೆದು ನೋಡಿ.

ಈಗ ನಿಮ್ಮ ನಿರೀಕ್ಷೆ ಹೀಗೆ ಕುತ್ತಿಗೆಗೆ ಬಂದದ್ದು ಹೇಗೆ ಅನ್ನುವುದಕ್ಕೆ ಬರೋಣ. ನಿಮ್ಮ ತಂಡ ಹುಟ್ಟುತ್ತಲೇ ಗೆದ್ದ ತಂಡ. ಅಶೋಕನಗರದ ಆ ಹಳೆಯ ಸ್ಟೇಡಿಯಂನಲ್ಲೇ ಆಡಿ 2013–14ರ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಕಂಠೀರವಕ್ಕೆ ಬಂದ ಮೇಲೆ 2015–16ರಲ್ಲಿ ಇನ್ನೊಮ್ಮೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಅನ್ನಿಸಿಕೊಂಡಿತು. ಆಗ ನೀವು ಇಪ್ಪತ್ತರ ಹರೆಯ ದಾಟುತ್ತಿದ್ದಿರಿ, ಸಂಸಾರ ಹೊಸದು, ಗೆಲುವು ರೂಢಿಯಾಯಿತು. ಆಮೇಲೆ ಐಎಸ್‌ಎಲ್‌ಗೆ ಬಂದಿರಿ. 2018ರ ಮೊದಲ ಫೈನಲ್‌ನಲ್ಲಿ ನಿಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ಎದುರು 2–3 ಸೋಲು. 2019ರಲ್ಲಿ ಮುಂಬೈಯಲ್ಲಿ ಹೆಚ್ಚುವರಿ ಸಮಯ ಮುಗಿಯಲು ಮೂರು ನಿಮಿಷ ಇದ್ದಾಗ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಕಪ್ ಬಂತು. 2023ರಲ್ಲಿ ಪೆನಾಲ್ಟಿಯಲ್ಲಿ ಹೋಯಿತು, 2025ರಲ್ಲಿ ಹೆಚ್ಚುವರಿ ಸಮಯದಲ್ಲಿ ಹೋಯಿತು. ನಾಲ್ಕು ಫೈನಲ್, ಒಂದು ಕಪ್. ಒಂದು ತಂಡ ಎಂಟು ಋತುಗಳಲ್ಲಿ ನಾಲ್ಕು ಸಲ ಕೊನೆಯ ದಿನದವರೆಗೂ ಉಳಿಯುವುದು ದೊಡ್ಡ ಸಾಧನೆ ಅಂತ ನನಗನ್ನಿಸುತ್ತದೆ. ನಿಮಗೆ ಹಾಗೆ ಅನ್ನಿಸುತ್ತಿಲ್ಲ, ಯಾಕೆಂದರೆ ಮೊದಲ ಮೂರು ವರ್ಷದ ಲೆಕ್ಕದಲ್ಲಿ ನೀವು ಇನ್ನೂ ಕಪ್ ಎಣಿಸುತ್ತಿದ್ದೀರಿ. ಬರಬೇಕಾದ ಬಾಕಿ ಬಂದಿಲ್ಲ ಅನ್ನುವ ಸಿಟ್ಟು ನಿಮ್ಮದು.

ಆ ಸಿಟ್ಟು ಗೋಡೆಗೆ ಬಡಿದ ರಿಮೋಟ್ ಆಯಿತು. ಈ ಮಾತನ್ನು ನೀವು ಪತ್ರದಲ್ಲಿ ಎರಡೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಷ್ಟು ಬೇಗ ಮುಂದೆ ಹೋಗಲಾರೆ. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಪಂದ್ಯಗಳ ದಿನ ಪೊಲೀಸರಿಗೆ ಬಂದ ಕೌಟುಂಬಿಕ ಹಿಂಸೆಯ ದೂರುಗಳನ್ನು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದರು. ಗೆದ್ದೇ ಗೆಲ್ಲುತ್ತದೆ ಅಂದುಕೊಂಡ ತಂಡ ಸೋತ ದಿನ ಗಂಡಸರು ಮನೆಯಲ್ಲಿ ಹೆಂಗಸರ ಮೇಲೆ ಕೈಮಾಡಿದ ಪ್ರಕರಣಗಳು ಸುಮಾರು ಶೇ. 10ರಷ್ಟು ಹೆಚ್ಚಿದ್ದವು. ಯಾರು ಬೇಕಾದರೂ ಗೆಲ್ಲಬಹುದು ಅನ್ನುವಂಥ ಪಂದ್ಯ ಸೋತಾಗ ಅಂಥ ಏರಿಕೆ ಕಾಣಲಿಲ್ಲ. ಸೋಲಿಗಿಂತ ಅಪಾಯಕಾರಿ, ಗೆಲುವು ನಮಗೆ ಸಲ್ಲಲೇಬೇಕು ಅನ್ನುವ ಹಟ.

ನೀವು ಯಾರ ಮೇಲೂ ಕೈಮಾಡಿಲ್ಲ ಅಂತ ನಿಮ್ಮ ಪತ್ರದಿಂದ ತಿಳಿಯುತ್ತೇನೆ. ಆದರೆ ಅವತ್ತು ನಿಮ್ಮ ಮಗಳು ಅಮ್ಮನ ಹಿಂದೆ ಹೋಗಿ ನಿಂತಳು. ಹತ್ತು ವರ್ಷದ ಮಗು ತನ್ನ ಮನೆಯ ಹಾಲ್‌ನಲ್ಲಿ ಅಪ್ಪನಿಗೆ ಹೆದರಿ ಆಸರೆ ಹುಡುಕಿತು. ಅದಾದ ಮೇಲೆ ಎರಡು ದಿನ ನೀವು ಮಾತಾಡಲಿಲ್ಲ ಅಂದರೆ, ಆ ಎರಡು ದಿನವೂ ಮನೆಯವರೆಲ್ಲ ನಿಮ್ಮ ಮುಖ ನೋಡಿ ಹೆಜ್ಜೆ ಇಟ್ಟಿರುತ್ತಾರೆ. ಅದರ ಬಗ್ಗೆ ನೀವು ಅವರ ಹತ್ತಿರ ಮಾತಾಡಿದ ಹಾಗೆ ಪತ್ರದಲ್ಲಿ ಇಲ್ಲ. ಪಂದ್ಯಕ್ಕೆ ಮುಂಚೆ ಮಾತಾಡಿ. ‘ಅವತ್ತು ಏನೋ ಆಗೋಯ್ತು’ ಅನ್ನಬೇಡಿ. ‘ಅವತ್ತು ನಾನು ರಿಮೋಟ್ ಬಿಸಾಡಿದೆ, ನೀವಿಬ್ಬರೂ ಹೆದರಿದ್ರಿ, ನನ್ನಿಂದ ತಪ್ಪಾಯ್ತು, ಇನ್ನು ಹಾಗೆ ಮಾಡಲ್ಲ’ ಅಂತ ಮಾಡಿದ್ದನ್ನು ಹೆಸರಿಟ್ಟು ಹೇಳಿ. ಕ್ಷಮಿಸಿದೆ ಅನ್ನಿ ಅಂತ ಒತ್ತಾಯ ಮಾಡಬೇಡಿ. ಮಾಡಲ್ಲ ಅಂದ ಮೇಲೆ ಅದಕ್ಕೊಂದು ದಾರಿಯೂ ಬೇಕು. ಟಿ.ವಿ. ಮುಂದೆ ಕೂತಾಗ ಎದೆ ಹೊಡೆದುಕೊಳ್ಳತೊಡಗಿತು, ಹಲ್ಲು ಕಚ್ಚತೊಡಗಿದಿರಿ ಅಂದರೆ ಆಟ ಎಷ್ಟೇ ಜೋರಾಗಿದ್ದರೂ ಎದ್ದು ಕೆಳಗಿಳಿದು ಬೀದಿಯ ಕೊನೆಯವರೆಗೂ ನಡೆದು ಬನ್ನಿ. ಪಂದ್ಯದ ದಿನ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ಇಷ್ಟಾದರೂ ಸಿಟ್ಟು ಕೈ ಮೀರುತ್ತದೆ ಅನ್ನಿಸಿದರೆ, ನಿದ್ದೆ ಕೆಟ್ಟು ವಾರಗಟ್ಟಲೆ ಹಾಗೇ ಉಳಿದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಅಂತೂ ಇದ್ದೇ ಇದೆ.

ಹಾಗಾದರೆ ಎಂಥ ನಿರೀಕ್ಷೆ ಇಟ್ಟುಕೊಳ್ಳಬೇಕು? ಇದನ್ನು ನಿಮ್ಮ ಊರಿನ ದಂಡು ಪ್ರದೇಶದಷ್ಟು ಚೆನ್ನಾಗಿ ಕಲಿಸುವ ಜಾಗ ನನಗೆ ಬೇರೆ ಗೊತ್ತಿಲ್ಲ. ಅಲ್ಲಿ ಬ್ರಿಟಿಷ್ ಪಡೆಗಳು ಆಡುತ್ತಿದ್ದ ಚೆಂಡಾಟವನ್ನು ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್‌ನ ಹುಡುಗರು ನೋಡಿ ನೋಡಿಯೇ ತಮ್ಮದು ಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿಯವರೆಗೆ ಆ ಕಪ್ಪನ್ನು ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ.

ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹೊಡೆದ ಮೊದಲ ಗೋಲು ಯಾರದ್ದು ಗೊತ್ತೇ? ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದು. 1948ರ ಜುಲೈ 31, ಲಂಡನ್ ಹತ್ತಿರದ ಇಲ್ಫರ್ಡ್, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಸಿಕ್ಕ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡರು. ರಾಮನ್ ಗೋಲಿನಿಂದ 1–1 ಆಯಿತು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಫ್ರಾನ್ಸ್ ಇನ್ನೊಂದು ಹೊಡೆದು ಗೆದ್ದಿತು. ನಾಲ್ಕು ವರ್ಷ ಕಳೆದು 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು ನಮ್ಮದು 1–10ರ ಸೋಲು. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್, ಅವರೂ ಬೆಂಗಳೂರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಪಂಚ ಪಾಂಡವರಲ್ಲಿ ಒಬ್ಬರು ಅಂತ ಹೆಸರಾದವರು, 2017ರಲ್ಲಿ ತೀರಿಕೊಂಡರು. ಎರಡೂ ಸೋತ ಪಂದ್ಯಗಳು, ಒಂದಂತೂ ಹೀನಾಯವಾಗಿ ಸೋತದ್ದು. ಆದರೂ ಆ ಎರಡು ಗೋಲುಗಳ ಮಾತು ಬಂದರೆ ಈ ಕಡೆಯ ಹಿರಿಯ ಆಟಗಾರರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಸೋತ ಆಟದಲ್ಲೂ ನೋಡಿ ಇಟ್ಟುಕೊಳ್ಳುವಂಥದ್ದು ಇರುತ್ತದೆ ಅನ್ನುವುದು ಅವರಿಗೆ ಗೊತ್ತು. ನೀವು 2025ರ ಫೈನಲ್‌ನಿಂದ ಒಂದೇ ಒಂದು ಒಳ್ಳೆಯ ಪಾಸನ್ನಾದರೂ ನೆನಪಿಟ್ಟುಕೊಂಡಿದ್ದೀರಾ?

ಹಲಸೂರಿನ ಪಕ್ಕದ ಗೌತಮಪುರಕ್ಕೆ ನೀವು ಹೋಗಿರುತ್ತೀರಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಪೆಲೆಗೂ ಪ್ರತಿಮೆ ನಿಲ್ಲಿಸಿದ ಬೀದಿ ಅದು. ವಿಶ್ವಕಪ್ ಬಂತೆಂದರೆ ಬ್ರೆಜಿಲ್‌ನ ಹಳದಿ ಹಸಿರು ಬಣ್ಣ, ಬಾವುಟ, ಬೀದಿಯಲ್ಲೇ ಪರದೆ ಕಟ್ಟಿ ಪಂದ್ಯ. ಬ್ರೆಜಿಲ್ ವಿಶ್ವಕಪ್ ಗೆದ್ದದ್ದು 2002ರಲ್ಲಿ. ಆಮೇಲೆ 2006, 2010, 2014, 2018, 2022, ಐದು ಸಲ ಬರಿಗೈ. 2014ರಲ್ಲಿ ಜರ್ಮನಿ ಎದುರು 1–7. ಹಾಗಂತ ಮುಂದಿನ ಸಲ ಬಣ್ಣ ಬಳಿಯುವುದು ಬೇಡ ಅಂತ ಆ ಬೀದಿಯವರು ಕೂರಲಿಲ್ಲ. ಅವರಿಗೆ ನೋವಾಗುವುದಿಲ್ಲ ಅಂತಲ್ಲ, ನಿಮ್ಮಷ್ಟೇ ಆಗುತ್ತದೆ. ಆದರೆ ಅಲ್ಲಿ ಆಸೆ ಇಡೀ ಬೀದಿಯದ್ದು. ಏಣಿ ಹಿಡಿಯುವವನೊಬ್ಬ, ಚಂದಾ ಎತ್ತುವವನೊಬ್ಬ, ಮಧ್ಯರಾತ್ರಿ ಟೀ ಕಾಸುವವರೊಬ್ಬರು. ಸೋತ ರಾತ್ರಿ ಬೈಯುವುದಕ್ಕೂ ಜೊತೆ ಇರುತ್ತದೆ, ಸುಮ್ಮನೆ ಕೂರುವುದಕ್ಕೂ ಜೊತೆ ಇರುತ್ತದೆ. ನೀವು ಅಷ್ಟೇ ಭಾರವನ್ನು ರಾತ್ರಿ ಎರಡು ಗಂಟೆಗೆ, ಕತ್ತಲ ಕೋಣೆಯಲ್ಲಿ, ಫೋನಿನ ಬೆಳಕಲ್ಲಿ ಒಬ್ಬರೇ ಹೊರುತ್ತಿದ್ದೀರಿ. ಹೊರಲಿಕ್ಕೆ ಕೈ ಕೊಡುತ್ತೇನೆ ಅಂತ ಪೋಸ್ಟರ್ ಹಿಡಿದು ಬಂದವಳನ್ನು ಮಲ್ಕೋ ಹೋಗು ಅಂತ ಕಳಿಸಿಬಿಟ್ಟಿರಿ.

ನಿಮ್ಮಿಬ್ಬರ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಮಗಳು ಕೇಳಿದ್ದು ‘ಗೆಲ್ತೀವಾ?’ ನೀವು ಹೇಳಿದ್ದು ‘ಸೋಲ್ತಾರೆ’. ಅವಳ ತಂಡದಲ್ಲಿ ಅವಳಿದ್ದಾಳೆ, ನೀವಿದ್ದೀರಿ, ತಾತ ಇದ್ದಾರೆ. ನೀವು ಹೊರಗೆ ಬಂದು ನಿಂತಿದ್ದೀರಿ. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲೇ ಇದನ್ನು ಗುರುತಿಸಿದ್ದರು. ಕಾಲೇಜು ತಂಡ ಗೆದ್ದರೆ ವಿದ್ಯಾರ್ಥಿಗಳು ನಾವು ಗೆದ್ವಿ ಅನ್ನುತ್ತಾರೆ, ಸೋತರೆ ಅವರು ಸೋತರು ಅನ್ನುವುದು ಹೆಚ್ಚು. ನೀವು ಪಂದ್ಯ ಆಗುವ ಮುಂಚೆಯೇ ಅವರಾಗಿಸಿಬಿಟ್ಟಿದ್ದೀರಿ.

ಆ ಹುಡುಗಿಯ ಹತ್ತಿರ ಹೋಗಿ, ನಿಜ ಹೇಳಿ. ‘ನಾನು ಸೋಲ್ತಾರೆ ಅಂದಿದ್ದು ಭಯಕ್ಕೆ. ಗೆಲ್ಲಬೇಕು ಅಂತ ನನಗೆ ನಿನಗಿಂತ ಆಸೆ. ಸೋತರೂ ಸೋಲಬಹುದು. ಪೋಸ್ಟರ್ ತೆಗಿ, ನೋಡೋಣ.’ ಇಷ್ಟು ಸಾಕು. ಗೆಲ್ಲಬೇಕು ಅನ್ನುವ ಆಸೆ, ಸೋಲಬಹುದು ಅನ್ನುವ ಅರಿವು, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಹನ್ನೊಂದು ವರ್ಷದವರಿಗೆ ಬರುತ್ತದೆ. ದೊಡ್ಡವರು ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ಅವರು ನೋಡಿ ಕಲಿಯುತ್ತಾರೆ.

ಆಮೇಲೆ ಅವಳ ಜೊತೆ ಕೂತು ನಿಮ್ಮ ತಲೆಯೊಳಗಿನ ಆಟವನ್ನು ಹೊರಗೆ ತೆಗೆಯಿರಿ. ಯಾರು ಆಡಬೇಕು ಅಂತ ಹನ್ನೊಂದು ಹೆಸರು ಅವಳು ಬರೆಯಲಿ, ಹನ್ನೊಂದು ನೀವು ಬರೆಯಿರಿ, ತಾತನೂ ಬರೆಯಲಿ. ಆಡುವವರ ಅಧಿಕೃತ ಪಟ್ಟಿ ಹೇಗೂ ಪಂದ್ಯಕ್ಕೆ ಒಂದು ಗಂಟೆ ಮುಂಚೆಯಷ್ಟೇ ಬರುವುದು. ರಾತ್ರಿ ಎರಡಕ್ಕೆ ಫೋನಿನಲ್ಲಿ ಸಿಗುವುದೆಲ್ಲ ಗಾಳಿಮಾತು. ಫೋನನ್ನು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬನ್ನಿ. ಇನ್ನು, ಪಂದ್ಯದಲ್ಲಿ ನೋಡಲಿಕ್ಕೆ ಅವಳಿಗೊಂದು ಕೆಲಸ ಕೊಡಿ. ಎಡಬದಿಯ ಡಿಫೆಂಡರ್ ಒಬ್ಬನನ್ನೇ ಮೊದಲ ಅರ್ಧ ಪೂರ್ತಿ ನೋಡಲಿ. ಚೆಂಡು ಇಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ, ಯಾವಾಗ ಮುಂದೆ ಓಡುತ್ತಾನೆ, ಯಾರಿಗೆ ಕೂಗಿ ಹೇಳುತ್ತಾನೆ. ನೀವು ಇನ್ನೊಬ್ಬನನ್ನು ಹಿಡಿದುಕೊಳ್ಳಿ. ಮಧ್ಯಂತರದಲ್ಲಿ ಒಬ್ಬರಿಗೊಬ್ಬರು ಹೇಳಿ. ಗೋಲುಗಳು ಕಡಿಮೆ ಬೀಳುವ ಆಟ ಇದು. ಯಾರದೋ ಕಾಲಿಗೆ ತಾಗಿ ತಿರುಗಿದ ಒಂದು ಚೆಂಡು ತೊಂಬತ್ತು ನಿಮಿಷದ ದುಡಿಮೆಯನ್ನು ಅಡಿಮೇಲು ಮಾಡುತ್ತದೆ. ಆ ಫೈನಲ್‌ನಲ್ಲಿ ನಿಮಗೆ ಸಿಕ್ಕ ಮುನ್ನಡೆಯೂ ಎದುರಾಳಿ ಮೋಹನ್ ಬಾಗಾನ್ ಆಟಗಾರನೊಬ್ಬ ತನ್ನದೇ ಗೋಲಿಗೆ ಹೊಡೆದದ್ದು, ಮರೆತಿರಲಾರಿರಿ. ಫಲಿತಾಂಶವೊಂದನ್ನೇ ನಂಬಿ ಹೋದವರಿಗೆ ಈ ಆಟ ಅರ್ಧಕ್ಕರ್ಧ ಸಲ ಮೋಸ ಮಾಡುತ್ತದೆ. ಆಟವನ್ನೇ ನೋಡಲು ಹೋದವರಿಗೆ ಪ್ರತಿ ಸಲ ಏನಾದರೂ ಸಿಗುತ್ತದೆ.

ತಾತನ ಬಗ್ಗೆ ಒಂದು ಮಾತು. ಅವರಿಗೆ ಈಗ 68 ಅಂದಿರಿ. 1968–69ರಲ್ಲಿ ಮೈಸೂರು ರಾಜ್ಯ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ ಅವರಿಗೆ ಹೆಚ್ಚುಕಡಿಮೆ ನಿಮ್ಮ ಮಗಳ ವಯಸ್ಸು. ಅದರ ಹಿಂದಿನ ವರ್ಷವೂ ಬಂಗಾಳವನ್ನೇ ಸೋಲಿಸಿ ಗೆದ್ದಿದ್ದರು. ಆಮೇಲೆ ರಾಜ್ಯದ ಹೆಸರು ಕರ್ನಾಟಕ ಆಯಿತು, ಆ ಹುಡುಗ ಐಟಿಐ ಸೇರಿದ, ಮದುವೆಯಾದ, ನೀವು ಹುಟ್ಟಿದಿರಿ, ಅವರು ನಿವೃತ್ತರಾದರು. ಟ್ರೋಫಿ ಮತ್ತೆ ಬಂದದ್ದು 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಮೇಘಾಲಯದ ಎದುರು 3–2ರಿಂದ. ನಡುವೆ 54 ವರ್ಷ. ಆ ವರ್ಷಗಳಲ್ಲೇ ನಿಮ್ಮ ಅಪ್ಪ ಆಟ ನೋಡಲು ಹೋಗುತ್ತಿದ್ದರು, ಸ್ಕೂಟರ್ ಮುಂದೆ ನಿಮ್ಮನ್ನೂ ನಿಲ್ಲಿಸಿಕೊಂಡು. ಹೇಗೆ ಹೋಗುತ್ತಿದ್ದಿರಿ, ಬೇಸರವಾಗುತ್ತಿರಲಿಲ್ಲವೇ ಅಂತ ಅವರನ್ನೇ ಕೇಳಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನನಗಿಂತ ಒಳ್ಳೆಯ ಉತ್ತರ ನಿಮ್ಮ ಮನೆಯಲ್ಲೇ ಇದೆ ಅಂತ ನನ್ನ ನಂಬಿಕೆ. ಬಿ.ಪಿ. ಇರುವವರು ಪಂದ್ಯದ ದಿನ ಮಾತ್ರೆ ತಪ್ಪಿಸುವ ಹಾಗಿಲ್ಲ. 2006ರ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಿದ್ದವು ಅಂತ ವೈದ್ಯರು ದಾಖಲಿಸಿದ್ದಾರೆ. ಎದೆ ಹಿಡಿದುಕೊಂಡ ಹಾಗೆ, ಎಡತೋಳು ಸೆಳೆದ ಹಾಗೆ ಅಂದರೆ ಆಟ ಮುಗಿಯಲಿ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ.

ಶನಿವಾರ ಮಗಳನ್ನು ಕರೆದುಕೊಂಡು ಹೋಗಿ. ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಸಿಟ್ಟು ಹತ್ತಿಸಿಕೊಳ್ಳುವುದು ಬೇಡ, ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ನಡೆಯಬಹುದು. ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವವರ ಜೊತೆ ಇರಬೇಕೋ, ಕೂತು ನೋಡಬೇಕೋ ಅವಳೇ ಹೇಳಲಿ. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಮುಗಿದ ಮೇಲೆ ನೂಕುನುಗ್ಗಲು ಕರಗುವವರೆಗೂ ಕೂತಿರಿ. ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಜಾಗ ತೋರಿಸಿಡಿ. 2025ರ ಜೂನ್ 4ರಂದು, ಈ ಸಲ ಕಪ್ ನಮ್ದೇ ಅಂತ ಹದಿನೆಂಟು ಋತು ಕಾದ ಆರ್‌ಸಿಬಿ ಕ್ರಿಕೆಟ್ ಅಭಿಮಾನಿಗಳು ಕಪ್ ಬಂದ ಮಾರನೆಯ ದಿನ ಚಿನ್ನಸ್ವಾಮಿ ಸ್ಟೇಡಿಯಂ ಬಾಗಿಲಲ್ಲಿ ಸೇರಿದ್ದರು. ಅಲ್ಲಾದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಕಂಠೀರವ ಅಲ್ಲಿಂದ ದೂರವಿಲ್ಲ. ಗೆದ್ದ ಖುಷಿಯಲ್ಲೂ ಮಗುವಿನ ಕೈ ಬಿಡಬೇಡಿ.

ನೀವು ಇನ್ನೊಂದನ್ನು ನೆನಪಿಟ್ಟುಕೊಂಡಿದ್ದೀರೋ ಇಲ್ಲವೋ. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ನಡೆಯುವುದೇ ಅನುಮಾನವಾಗಿ, ನಿಮ್ಮ ಕ್ಲಬ್ ಆಟಗಾರರ ಸಂಬಳವನ್ನೇ ನಿಲ್ಲಿಸುವುದಾಗಿ ಹೇಳಿತ್ತು. ಮತ್ತೆ ಲೀಗ್ ಶುರುವಾಗಲು 2026ರ ಫೆಬ್ರವರಿವರೆಗೂ ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ಸೋಲಲಿಕ್ಕೂ ಲೀಗ್ ಪಂದ್ಯ ಇರಲಿಲ್ಲ. ಆಗ ನಿಮ್ಮ ಮನೆ ಹೇಗಿತ್ತು, ನೀವು ನೆಮ್ಮದಿಯಾಗಿದ್ದಿರಾ? ನನ್ನ ಅನುಮಾನ, ಇರಲಿಲ್ಲ. ಹಾಗಿದ್ದರೆ ನಿಮ್ಮ ತಳಮಳಕ್ಕೆಲ್ಲ ಪಂದ್ಯವೇ ಕಾರಣ ಅನ್ನುವ ಹಾಗಿಲ್ಲ. ಕಾರ್ಖಾನೆಯಲ್ಲೋ ಸಾಲದಲ್ಲೋ ಇನ್ನೆಲ್ಲೋ ಗೆಲ್ಲಲಾಗದ್ದನ್ನು ಆ ಹನ್ನೊಂದು ಜನ ಗೆದ್ದುಕೊಡಲಿ ಅಂತ ಕಾಯುತ್ತಿದ್ದೀರಾ ಅಂತ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೌದು ಅಂತ ಬಂದರೆ ಆ ವಿಷಯವನ್ನೇ ಬಿಡಿಸಿ ಇನ್ನೊಂದು ಪತ್ರ ಬರೆಯಿರಿ.

ಕೊನೆಯದಾಗಿ ನಿಮ್ಮ ಹೆಂಡತಿ. ಇಡೀ ಪತ್ರದಲ್ಲಿ ಅವರ ಮಾತು ಒಂದೂ ಇಲ್ಲ. ಮದುವೆಯಾದ ಹೊಸದರಲ್ಲಿ ಜೆರ್ಸಿ ಕೊಡಿಸಿದಿರಿ, ರಿಮೋಟ್ ಒಡೆದ ಮೇಲೆ ಅವರು ಏನೂ ಕೇಳಲಿಲ್ಲ, ಅಷ್ಟೇ. ಅವರು ಈಗಲೂ ಆಟ ನೋಡುತ್ತಾರೋ, ನೋಡುವುದು ಬಿಟ್ಟರೋ, ಬಿಟ್ಟಿದ್ದರೆ ಯಾವಾಗಿನಿಂದ ಅನ್ನುವುದು ನಿಮಗೆ ಗೊತ್ತಿದೆಯೇ? ಶನಿವಾರದ ಸಂಜೆ ಅವರಿಗೆ ಹೇಗೆ ಕಳೆದರೆ ಇಷ್ಟ ಅಂತ ಕೇಳಿ. ನಾನೂ ಬರ್ತೀನಿ ಅನ್ನಬಹುದು, ನೀವೆಲ್ಲ ಹೋಗಿ, ನಾನು ಒಬ್ಬಳೇ ಎರಡು ಗಂಟೆ ಹಾಯಾಗಿ ಮಲಗ್ತೀನಿ ಅನ್ನಬಹುದು, ಈ ಸಲ ಹೋಗೋದೇ ಬೇಡ ಅಂತಲೂ ಅನ್ನಬಹುದು. ಯಾವುದು ಅಂದರೂ ಕೇಳಿಸಿಕೊಂಡು, ಟಿಕೆಟ್ ಆಮೇಲೆ ತೆಗೆಯಿರಿ.